ಅವ್ವಾರ ಮುಖದ ಕಳೆ

ಹೊಳೆದಂಡೆಯಲ್ಲಿ ಒಂದು ಮಠ. ಅಲ್ಲಿ ಚನ್ನವೀರಮ್ಮ ಎಂಬ ಗುರು. ಎಲ್ಲರ ಬಾಯಲ್ಲೂ ಅವ್ವಾರು.

ಎಪ್ಪತ್ತು ದಾಟಿದ್ದರೂ ಅವ್ವಾರ ಮುಖದ ಮೇಲೆ ಒಂದು ಸುಕ್ಕಿಲ್ಲ. ಇಸ್ತ್ರಿ ಹಾಕಿದ ಹಾಗೆ ಮಿರಮಿರ.

ಶಿಷ್ಯ ಕೊಟ್ರ ಬಂದವರಿಗೆಲ್ಲ ಹೇಳುವನು: “ತಪಸ್ಸಿನ ಕಳೆ ರೀ ಅದು. ಅಂಗಡ್ಯಾಗ ಸಿಗಂಗಿಲ್ಲ.”

ಅವ್ವಾರ ಬೆರಳು ಮಡಚುತ್ತಿರಲಿಲ್ಲ. ಅದಕ್ಕೂ ಕೊಟ್ರನ ಮಾತು ಸಿದ್ಧ: “ಆಶೀರ್ವಾದ ಮಾಡಿ ಮಾಡಿ ಹಂಗೇ ನಿಂತಾವ.”

ಗಂಜಿ ಗಂಟಲಲ್ಲಿ ಇಳಿಯದೆ ಅರ್ಧಕ್ಕೇ ಬಿಟ್ಟರೆ, “ಉಪವಾಸ.” ವರ್ಷಕ್ಕೊಮ್ಮೆ ಪಟ್ಟಣದ ಆಸ್ಪತ್ರೆಗೆ ಹೊರಟರೆ, “ಡಾಕ್ಟರಿಗೆ ದರ್ಶನ ಕೊಡಾಕ.”

“ಲೇ, ಅದು ರೋಗ. ಚರ್ಮ ಬಿಗಿದು ಗಟ್ಟಿ ಆಗೋ ರೋಗ,” ಎಂದು ಅವ್ವಾರು ಎಷ್ಟೋ ಸಲ ಹೇಳಿದ್ದರು.

ಕೊಟ್ರ ಭಕ್ತರ ಕಡೆ ಕಣ್ಣು ಹೊಡೆಯುವನು. “ನೋಡ್ರಿ, ದೊಡ್ಡೋರು ಯಾವತ್ತಾರ ತಮ್ಮ ದೊಡ್ಡಸ್ತಿಕೆ ತಾವೇ ಹೇಳ್ಕೋತಾರೇನು?”

ಅವ್ವಾರು ಪ್ರವಚನಕ್ಕೆಂದು ಪರವೂರಿಗೆ ಹೋದಾಗ, ಮಠದಲ್ಲಿ ರೊಟ್ಟಿ ಬಡಿಯುವ ಹಾಲವ್ವ ಅವನ ಹತ್ತಿರ ಬಂದಳು.

“ತಣ್ಣೀರಾಗ ಕೈ ಇಟ್ರೆ ಬೆರಳು ಸುಣ್ಣದಂಗ ಬೆಳ್ಳಗಾಗ್ತಾವ ಕೊಟ್ರಪ್ಪ. ಮುಖ ಎಳದಂಗಾಗ್ತೈತಿ. ನಾಳೆ ದವಾಖಾನಿಗೆ ಹೋಗ್ತೀನಿ.”

ಕೊಟ್ರ ಅವಳ ಮುಖ ನೋಡಿದ. ಮಿರಮಿರ. ಅಲ್ಲೇ ದೀರ್ಘದಂಡ ಹಾಕಿದ.

“ಹಾಲಕ್ಕಾ! ಅವ್ವಾರ ಕಳೆ ನಿನಗೂ ಇಳೀತು!”

ಮಧ್ಯಾಹ್ನದೊಳಗೆ ಬಾಳೆಹಣ್ಣು ಬಂದವು, ಕಾಯಿ ಬಂದವು. ಹಾಲವ್ವ ಮರುದಿನ ದವಾಖಾನೆಗೆ ಹೋಗಲಿಲ್ಲ. ಮರುವಾರವೂ ಹೋಗಲಿಲ್ಲ.

ಅವ್ವಾರು ತಿರುಗಿ ಬಂದಾಗ ಹಾಲವ್ವ ಹಾರ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದಳು. ಸುತ್ತ ಭಕ್ತರು.

ಅವ್ವಾರು ಬೈಯಲಿಲ್ಲ. ಅವಳ ಎದುರಿಗೆ ಬರೀ ನೆಲದ ಮೇಲೆ ಕೂತು, ಅವಳ ಬೆರಳು, ಗಲ್ಲ ಮುಟ್ಟಿ ನೋಡಿದರು.

“ಕೊಟ್ರ, ನನ್ನ ಗಲ್ಲ ಚಿವುಟು.”

“ಅವ್ವಾರ! ಗುರುಗಳ ಗಲ್ಲ ಹೆಂಗ್ರೀ…”

“ಊರ ಹುಡುಗರ ಗಲ್ಲ ಎಲ್ಲಾ ಚಿವುಟಿ ಓಡ್ತೀಯಲ್ಲ. ಚಿವುಟೋ.”

ಕೊಟ್ರ ಕೈ ಹಾಕಿದ. ಬೆರಳು ಜಾರಿತು. ಇನ್ನೊಮ್ಮೆ ಹಾಕಿದ. ಹಲಗೆ ಚಿವುಟಿದ ಹಾಗೆ. ಏನೂ ಸಿಗಲಿಲ್ಲ.

“ಸಿಕ್ತೇನು ಕಳೆ?”

ಅವ್ವಾರು ಹಾಲವ್ವನ ಕಡೆ ತಿರುಗಿದರು.

“ಇದು ಚರ್ಮಕ್ಕೇ ನಿಲ್ಲಂಗಿಲ್ಲ ಹಾಲವ್ವ. ಒಳಗೂ ಹೋಗ್ತೈತಿ. ಈ ರೋಗ ಇದ್ದೋರಿಗೆ ಕ್ಯಾನ್ಸರ್ ಬರೋದು ಉಳಿದೋರಿಗಿಂತ ಒಂದಿಷ್ಟು ಹೆಚ್ಚು ಅಂತಾರ ಡಾಕ್ಟರು. ಎಲ್ಲಾರಿಗೂ ಬರಂಗಿಲ್ಲ. ಕೆಲವರಿಗೆ ರೋಗ ಶುರುವಾದ ಹೊಸದರಾಗೇ ಬರ್ತೈತಿ. ನಂದು ಹಳೇದು. ನಿಂದು ಹೊಸದು.”

ಹಾಲವ್ವ ಹಾರ ತೆಗೆದಳು. “ನಂಗ ಹೆದರಿಕಿ ಅವ್ವಾರ. ನೋಡಿದ್ರ ಏನರ ಸಿಕ್ಕರ?”

“ನಂಗೂ ವರ್ಷಾ ವರ್ಷಾ ಹೆದರಿಕಿ ಆಗ್ತೈತಿ. ನಡಿ, ಕೂಡೇ ಹೋಗಿ ಹೆದರೋಣು.”

ಕೊಟ್ರ ಬಾಯಿ ಬಿಟ್ಟು ನೋಡಿದ. ಗುರುಗಳಿಗೆ ಹೆದರಿಕೆ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಅವ್ವಾರೇ ಮೊದಲು ಒಳಗೆ ಹೋದರು. ಡಾಕ್ಟರು ಎದೆ, ಶ್ವಾಸಕೋಶ, ರಕ್ತ, ಎಲ್ಲ ನೋಡಿದರು. ಈ ವರ್ಷವೂ ಏನೂ ಇರಲಿಲ್ಲ.

ಆಮೇಲೆ ಹಾಲವ್ವ ಹೋದಳು. ರೋಗ ಅವ್ವಾರದ್ದೇ. ಅವಳ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ವರದಿ ಬಂತು: ಕ್ಯಾನ್ಸರೇ.

“ಸಣ್ಣದಿದ್ದಾಗಲೇ ಬಂದಿದ್ದೀರಿ,” ಎಂದರು ಡಾಕ್ಟರು. “ತೆಗೆದುಬಿಡ್ತೀವಿ. ವಾಸಿಯಾಗೋ ಭರವಸೆ ಚೆನ್ನಾಗಿದೆ.”

ಹಾಲವ್ವ ಅವ್ವಾರ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಮಡಚಲಾಗದ ಆ ಬೆರಳುಗಳು ಅವಳ ಕೂದಲು ಸವರಿದವು.

ಕೊಟ್ರ ದೂರದಲ್ಲಿ ನಿಂತು ನೋಡಿದ. ಬಾಯಿ ಸುಮ್ಮನಿರಬೇಕಲ್ಲ. ಹತ್ತಿರ ಬಂದು, ಮೆಲ್ಲಗೆ, ಕಣ್ಣರಳಿಸಿ ಕೇಳಿದ:

“ಅವ್ವಾರ, ಒಳಗ ಗಂಟು ಐತಿ ಅಂತ ನಿಮಗ ಮೊದಲೇ ಗೊತ್ತಿತ್ತು, ಹೌದಲ್ರೀ?”

ಅವ್ವಾರು ಅವನನ್ನೇ ನೋಡಿದರು.

“ಗೊತ್ತಿರಲಿಲ್ಲೋ ಹುಚ್ಚಪ್ಪ. ಅದಕ್ಕೇ ಬಂದದ್ದು.”