ಹೊಸಿಲವರೆಗಿನ ಸದ್ದು

ನದಿಯ ಮೆಟ್ಟಿಲುಗಳ ಮೇಲೆ ಒಂದು ಹಳೆಯ ಛತ್ರ. ಯಾತ್ರಿಕರು ಅಲ್ಲಿಗೆ ಬರುವುದು ನಿಂತು ಕಾಲವಾಗಿತ್ತು. ಅಲ್ಲಿ ಚನ್ನವೀರಯ್ಯ ಎಂಬ ಗುರುಗಳಿದ್ದರು. ಅವರು ಮಂತ್ರ ಹೇಳಿಕೊಡುತ್ತಿರಲಿಲ್ಲ. ಕೆಟ್ಟು ನಿಂತ ಹಳೇ ಕಾಲದ ಫ್ರಿಜ್ಜುಗಳಿಗೆ ಮತ್ತೆ ಜೀವ ಬರಿಸುವುದನ್ನು ಹೇಳಿಕೊಡುತ್ತಿದ್ದರು.

ಪಡಸಾಲೆಯ ತುಂಬ ಅವೇ. ಗುಂಡು ಹೆಗಲು, ದಪ್ಪ ಬಾಗಿಲು, ಒಂದೊಂದಕ್ಕೂ ಐವತ್ತು ಅರವತ್ತು ವರ್ಷ. ಮಧ್ಯಾಹ್ನ ನಾಲ್ಕೈದು ಒಟ್ಟಿಗೆ ಗುಂಯ್ ಎನ್ನತೊಡಗಿದರೆ ಯಾವುದು ಯಂತ್ರ, ಯಾವುದು ನದಿ ಎಂದು ತಿಳಿಯುತ್ತಿರಲಿಲ್ಲ. ಬಂದವರು ಬಂದ ಕೆಲಸ ಮರೆತು ಕಂಬಕ್ಕೊರಗಿ ಕೂರುತ್ತಿದ್ದರು.

ಶಿಷ್ಯ ಮುರಿಗೆಪ್ಪ. ಹತ್ತು ವರ್ಷ ಅಂಗಡಿಗಳಲ್ಲಿ ಹೊಸ ಫ್ರಿಜ್ಜು ರಿಪೇರಿ ಮಾಡಿ, ಸಾಕಾಗಿ, ಇಲ್ಲಿಗೆ ಬಂದವನು.

ಬಂದ ದಿನವೇ ಅವನು ಕೇಳಿದ್ದ. "ಗುರುಗಳೇ, ಈ ಹಳೇ ಪೆಟ್ಟಿಗೆಗೆ ತಂಪು ತುಂಬೋದು ಹೇಗೆ?"

ಗುರುಗಳು ಅವನ ಅಂಗೈ ಹಿಡಿದು ಫ್ರಿಜ್ಜಿನ ಬೆನ್ನಿಗೆ ಒತ್ತಿದರು.

"ಬಿಸಿ ಇದೆ," ಎಂದ ಮುರಿಗೆಪ್ಪ.

"ಅದನ್ನ ಹೊರಗೆ ಹಾಕ್ತಾ ಇರೋದಷ್ಟೇ ಇದರ ಕೆಲಸ. ತುಂಬೋದೇನೂ ಇಲ್ಲ."

ಅದಾಗಿ ನಾಲ್ಕು ವರ್ಷ. ಕೈ ಚೆನ್ನಾಗಿ ಪಳಗಿತ್ತು, ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು. ಒಂದು ದಿನ ಕೇಳಿದ, "ನಾನು ಸ್ವಂತ ಅಂಗಡಿ ಹಾಕೋದು ಯಾವಾಗ?"

"ಒಂದು ಫ್ರಿಜ್ಜು ಪೂರ್ತಿ ನಿನ್ನ ಕೈಯಿಂದಲೇ ಹೋಗಲಿ. ಹೋದದ್ದು ದೂರು ಹೊತ್ತು ತಿರುಗಿ ಬರದೇ ಇದ್ದರೆ, ಅವತ್ತು."

ಆ ವಾರವೇ ಕೈಗಾಡಿಯಲ್ಲಿ ಒಂದು ಫ್ರಿಜ್ಜು ಬಂತು. ಗಾಡಿಯ ಅಂಚು ಹಿಡಿದುಕೊಂಡು ಅದರ ಒಡತಿಯೂ ಬಂದಳು. ಊರಿಗೆಲ್ಲ ಮಲ್ಲಿಗೆ ಕಟ್ಟಿಕೊಡುವ ಹಾಲಮ್ಮ. ಮಾರದೆ ಉಳಿದ ಹೂವನ್ನು ಅವಳು ಅದರಲ್ಲೇ ಇಡುತ್ತಿದ್ದಳು.

"ನಾಲ್ಕು ದಿನದಿಂದ ನಿಂತುಬಿಟ್ಟೈತಿ. ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡು ತಮ್ಮಾ," ಎಂದಳು.

"ಮೊದಲಿಗಿಂತ ಚೆನ್ನಾಗಿ ಮಾಡಿಕೊಡ್ತೀನಿ ಅಜ್ಜಿ." ಅವನ ಕಣ್ಣು ಫ್ರಿಜ್ಜಿನ ಮೇಲೇ ಇತ್ತು. ಬಾಗಿಲು ತೆಗೆದರೆ ಒಳಗೆಲ್ಲ ಮಲ್ಲಿಗೆಯ ವಾಸನೆ.

ಅವಳು ಹೋದ ಮೇಲೆ ಗುರುಗಳು ಕೇಳಿದರು. "ಆಕೆಯನ್ನ ಏನಾದರೂ ಕೇಳಿದೆಯಾ?"

"ಕೇಳೋದೇನಿದೆ ಗುರುಗಳೇ? ಕೆಟ್ಟಿರೋದು ಫ್ರಿಜ್ಜು. ಅದು ಇಲ್ಲೇ ಇದೆ."

ಗುರುಗಳು ನದಿಯ ಕಡೆ ನೋಡುತ್ತ ಕೂತರು.

ಕೆಟ್ಟಿದ್ದು ಮೋಟಾರು ಶುರುಮಾಡುವ ಒಂದು ಸಣ್ಣ ಭಾಗ ಮಾತ್ರ. ಅದನ್ನು ಬದಲಿಸಿದ ಕೂಡಲೇ ಮೋಟಾರು ಎದ್ದು, ಒಲೆಯ ಮೇಲೆ ಕುದಿವ ಅನ್ನದ ಹಾಗೆ ಗೊಣಗತೊಡಗಿತು. ಮುರಿಗೆಪ್ಪನಿಗೆ ನಾಚಿಕೆಯಾಯಿತು. ತನ್ನ ಕೈಯಿಂದ ಹೋಗುವ ಮೊದಲ ಫ್ರಿಜ್ಜು ಹೀಗೆ ಗಲಾಟೆ ಮಾಡುವುದೇ? ಹಳೆಯ ಮೋಟಾರು ತೆಗೆದು ಹೊಸದು ಕೂರಿಸಿದ. ಅದರ ಕಾಲಿಗೆ ಮೆತ್ತನೆಯ ರಬ್ಬರು ಹಾಕಿದ. ಒಳಗೆಲ್ಲ ಸೋಡಾಪುಡಿ ಹಾಕಿ ಉಜ್ಜಿದ. ಹೊರಗೆ ಹಾಲುಬಿಳುಪಿನ ಬಣ್ಣ ಹೊಡೆದ.

"ಗುರುಗಳೇ, ಕಿವಿ ಇಟ್ಟು ನೋಡಿ. ನಡೀತಿದೆ ಅಂತಲೇ ಗೊತ್ತಾಗಲ್ಲ."

ಗುರುಗಳು ಕಿವಿ ಇಟ್ಟರು. ಗುಜರಿಗೆ ಎಂದು ಮೂಲೆಗಿಟ್ಟಿದ್ದ ಹಳೆಯ ಮೋಟಾರನ್ನು ಎತ್ತಿ, ಒಳಗೆ ತೇವ ಸೇರದಂತೆ ಅದರ ಕೊಳವೆಗಳಿಗೆ ಬಿರಡೆ ಜಡಿದು, ತಮ್ಮ ಹಳೆಯ ಚೌಕದ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಫ್ರಿಜ್ಜು ಹಾಲಮ್ಮನ ಮನೆಗೆ ಹೋಯಿತು. ಮೊದಲಿದ್ದ ಜಾಗದಲ್ಲೇ ನಿಂತಿತು.

ನಾಲ್ಕನೇ ದಿನ ಬೆಳಿಗ್ಗೆ ಅವಳು ಗೋಡೆ ಸವರಿಕೊಂಡು ಛತ್ರದ ಮೆಟ್ಟಿಲು ಹತ್ತಿ ಬಂದಳು. ಹಣೆ ಊದಿತ್ತು. ಮೇಲೆ ಅರಿಶಿನ ಮೆತ್ತಿಕೊಂಡಿದ್ದಳು.

"ಸಾಗಿಸಿದ ಫ್ರಿಜ್ಜು ಒಂದು ದಿನ ಸುಮ್ಮನೆ ನಿಲ್ಲಬೇಕು, ಒಳಗಿನ ಎಣ್ಣೆ ಇಳೀಬೇಕು ಅಂದಿದ್ದಿ," ಎಂದಳು. "ನಿಲ್ಲಿಸಿದೆ. ಮರುದಿನ ಸ್ವಿಚ್ಚು ಹಾಕಿದೆ. ಆದರೂ ಸುಮ್ಮನೈತಿ. ಇನ್ನೂ ನಿದ್ದಿಯೊಳಗೈತೇನೋ ಅಂತ ಕಾದೆ. ಬಾಗಿಲು ತೆಗೆದರೆ ತಂಪು ಬಡೀತು."

"ಅದು ನಡೀತಿದೆ ಅಜ್ಜಿ. ಸದ್ದಿಲ್ಲ, ಅಷ್ಟೇ."

"ಸದ್ದಿಲ್ಲದಿದ್ದರೆ ನಾನು ಮನೆಯೊಳಗೆ ಹೆಂಗೆ ಹೋಗಲಿ?"

ಆಗ ಮೊದಲ ಸಲ ಮುರಿಗೆಪ್ಪ ಅವಳ ಕಣ್ಣುಗಳನ್ನು ನೋಡಿದ. ಎರಡರಲ್ಲೂ ಹೊಗೆ ತುಂಬಿತ್ತು.

"ಆರು ವರ್ಷ ಆತು. ಬೆಳಕು ತಿಳೀತೈತಿ, ಬೇರೇನಿಲ್ಲ," ಎಂದಳು ಹಾಲಮ್ಮ. "ಸಂತೆಯಿಂದ ಬಂದು ಹೊಸಿಲ ಮೇಲೆ ನಿಂತರೆ ಅದು ಕೇಳಿಸ್ತಿತ್ತು. ಅದರ ಕಡೀಗೆ ನಡೆದರೆ ಆತು. ಅಲ್ಲಿಂದ ಒಲೆ ನಾಲ್ಕು ಹೆಜ್ಜೆ, ಮಂಚ ಏಳು. ನಡುನಡುವೆ ಅದು ಸುಮ್ಮನಾದರೆ ಹೊಸಿಲ ಮೇಲೆ ಕೂತು ಕಾಯ್ತಿದ್ದೆ, ಮತ್ತೆ ಶುರು ಆಗ್ತಿತ್ತು. ಈಗ ಕಾದರೂ ಬರವಲ್ಲದು. ನನ್ನ ಮನೀನೇ ನನಗೆ ಸಿಗವಲ್ಲದು ತಮ್ಮಾ."

ಮುರಿಗೆಪ್ಪ, "ಒಂದು ರೇಡಿಯೋ ಇಟ್ಟರೆ..." ಎಂದ.

ಗುರುಗಳು ಎದ್ದು ಬಂದರು. ಹೆಗಲ ಮೇಲಿನ ವಸ್ತ್ರದಿಂದ ಅವನ ಕಣ್ಣು ಕಟ್ಟಿದರು. ಕೈಹಿಡಿದು ಕೆಳಗಿನ ಮೆಟ್ಟಿಲಿಗೆ ಇಳಿಸಿ ಮೂರು ಸುತ್ತು ತಿರುಗಿಸಿದರು.

"ಪಡಸಾಲೆಗೆ ಬಾ," ಎಂದು ಹೇಳಿ ಹೋದರು. ಒಳಗೆ ಒಂದೊಂದಾಗಿ ಎಲ್ಲ ಫ್ರಿಜ್ಜುಗಳ ಸ್ವಿಚ್ಚು ಆರಿಸಿದರು.

ನಾಲ್ಕು ವರ್ಷ ಹತ್ತಿ ಇಳಿದ ಮೆಟ್ಟಿಲು. ಮುರಿಗೆಪ್ಪ ಹೆಜ್ಜೆ ಇಟ್ಟ, ಕಾಲು ನೀರಿಗೆ ಬಿತ್ತು. ತಿರುಗಿದ. ಮೇಲೆ ಹತ್ತಿದ ಹಾಗಾಯಿತು, ಕಂಬ ಹಣೆಗೆ ತಾಗಿತು. ಗಾಳಿ ಎತ್ತಲಿಂದಲೋ ಬೀಸುತ್ತಿತ್ತು. ನದಿ ನಾಲ್ಕೂ ದಿಕ್ಕಿನಲ್ಲಿ ಹರಿಯುತ್ತಿದ್ದಂತೆ ಅನಿಸಿತು. ತಾನು ಎಲ್ಲಿಯೂ ಇಲ್ಲವೇನೋ ಎಂದು ಹೆದರಿಕೆಯಾಯಿತು.

ಆಗ ದೂರದಲ್ಲಿ ಸ್ವಿಚ್ಚೊಂದು ಟಕ್ ಎಂದು, ಒಂದು ಹಳೆಯ ಫ್ರಿಜ್ಜಿನ ಮೋಟಾರು ಗೊಣಗತೊಡಗಿತು.

ಮುರಿಗೆಪ್ಪ ನಡೆದ. ನಡೆದಷ್ಟೂ ಅದು ಹತ್ತಿರವಾಯಿತು. ಚಾಚಿದ ಕೈಗೆ ನುಣುಪಾದ ಬಾಗಿಲು ಸಿಕ್ಕಿತು. ಅವನು ಅದಕ್ಕೆ ಕೆನ್ನೆ ಇಟ್ಟು, ಕಟ್ಟಿದ ವಸ್ತ್ರದೊಳಗೇ ಅತ್ತ.

ಗುರುಗಳು ಗಂಟು ಬಿಚ್ಚಲಿಲ್ಲ. ಚೌಕದಲ್ಲಿ ಸುತ್ತಿದ್ದ ಮೋಟಾರನ್ನು ತಂದು ಅವನ ಕೈಗಿಟ್ಟರು.

ಎರಡು ದಿನ ಮುರಿಗೆಪ್ಪ ಹಾಲಮ್ಮನ ಮನೆಯಲ್ಲೇ ಕೆಲಸ ಮಾಡಿದ. ಹಳೆಯ ಮೋಟಾರು ತನ್ನ ಜಾಗಕ್ಕೆ ಮರಳಿತು. ಸಂಜೆ ಅವಳು ಹೂವಿನ ಬುಟ್ಟಿ ಹೊತ್ತು ಬಂದು ಹೊಸಿಲ ಮೇಲೆ ನಿಂತಳು. ಕಿವಿಗೊಟ್ಟಳು. ಗೋಡೆ ಮುಟ್ಟದೆ ನೆಟ್ಟಗೆ ನಡೆದು ಬಂದು ಫ್ರಿಜ್ಜಿನ ಮೇಲೆ ಕೈಯಿಟ್ಟಳು.

"ಬಂದೆ," ಎಂದಳು, ಅದಕ್ಕೆ.

ಮುರಿಗೆಪ್ಪ ಛತ್ರಕ್ಕೆ ಹಿಂದಿರುಗಿದಾಗ ನದಿಯ ಮೇಲೆ ಇನ್ನೂ ಸ್ವಲ್ಪ ಬಿಸಿಲಿತ್ತು. ಗುರುಗಳ ಪಕ್ಕ ಕೂತ.

"ಹೋದದ್ದು ದೂರು ಹೊತ್ತು ತಿರುಗಿ ಬಂತು ಗುರುಗಳೇ. ನಾನು ಇನ್ನೂ ನಾಲ್ಕು ವರ್ಷ ಇಲ್ಲೇ ಇರ್ತೀನಿ."

"ಇವತ್ತು ಆಕೆಯನ್ನ ಏನಾದರೂ ಕೇಳಿದೆಯಾ?"

"ಕೇಳಿದೆ. ಮೋಟಾರಿನ ಕಾಲಿಗೆ ರಬ್ಬರು ಹಾಕೋ ಮೊದಲು, ಎಷ್ಟು ಸದ್ದು ಬೇಕು ಅಜ್ಜಿ ಅಂತ ಕೇಳಿದೆ."

"ಏನಂದಳು?"

"ಹೊಸಿಲವರೆಗೆ ಬಂದರೆ ಸಾಕು ಅಂದಳು."

ಹಿಂದೆ ಪಡಸಾಲೆಯಲ್ಲಿ ಹಳೆಯ ಫ್ರಿಜ್ಜುಗಳು ಒಂದರ ಹಿಂದೆ ಒಂದು ಗುಂಯ್ ಎನ್ನತೊಡಗಿದವು. ಗುರುಗಳು ಕಣ್ಣು ಮುಚ್ಚಿಕೊಂಡು ಹೇಳಿದರು:

"ನಿನ್ನ ಅಂಗಡಿ ಆಚೆ ದಡದಲ್ಲಿ ಹಾಕು. ಈ ದಡದವರೆಗೆ ಕೇಳಿಸಿದರೆ ಸಾಕು."