ಕೆಂಚವ್ವ ಸಾರಿದ ಸೀನು

ಕೇಳ್ರಪ್ಪಾ, ಒಂದಾನೊಂದು ಊರಿನಲ್ಲಿ, ಕೋಳಿಯನ್ನು ಸೂರ್ಯನೇ ಕೂಗಿ ಎಬ್ಬಿಸುವಂಥ ಊರಿನಲ್ಲಿ, ಸೀನುರಾಯ ಅನ್ನೋ ದೊರೆಯಿದ್ದ. ಅವನಿಗೆ ರಾಜ್ಯದ ಚಿಂತೆಯಿಲ್ಲ, ಶತ್ರುಗಳ ಚಿಂತೆಯಿಲ್ಲ. ತನ್ನ ಸೀನಿನದೊಂದೇ ಚಿಂತೆ.

ಒಂದು ದಿನ ಎಂಥ ಸೀನು ಸೀನಿದ ಅಂದರೆ, ತಲೆ ಮೇಲಿನ ಕಿರೀಟ ಗಿರ್‍ರನೆ ತಿರುಗಿ ಹಿಂದುಮುಂದಾಯಿತು.

"ಆಹಾ!" ಅಂದ ದೊರೆ. ಡಂಗುರ ಸಾರುವ ಕೆಂಚವ್ವನನ್ನು ಕರೆಸಿದ. "ನನ್ನ ಸೀನನ್ನು ಊರಿಗೆಲ್ಲ ಸಾರು. ಜನ ಬಂದು ಚಪ್ಪಾಳೆ ತಟ್ಟಬೇಕು. ಬರದಿದ್ದರೆ ನಿನ್ನ ತಮಟೆ ನನ್ನ ಉಪ್ಪಿನಕಾಯಿ ಜಾಡಿಗೆ ಮುಚ್ಚಳ!"

ತಮಟೆ ಗಡಗಡ ನಡುಗಿತು. "ಅವ್ವಾ, ನನಗೆ ಉಪ್ಪಿನಕಾಯಿ ಘಾಟು ಆಗಿಬರಲ್ಲ."

"ಹೆದರಬೇಡ. ನಮ್ಮವ್ವ, ಅವರವ್ವ ಬಾರಿಸಿದ ತಮಟೆ ನೀನು. ನನ್ನ ಗಂಟಲಿಗೆ ಬೆಟ್ಟವೇ ಓಗೊಡುತ್ತೆ."

ಡಮ್ ಡಮ್ ಡಮ್! "ಕೇಳ್ರಪ್ಪೋ ಕೇಳ್ರಿ! ದೊರೆ ಸೀನಿದ್ರು!"

ಬೆಟ್ಟ ಓಗೊಟ್ಟಿತು. ಜನ ತಿರುಗಿಯೂ ನೋಡಲಿಲ್ಲ.

"ಸೀನಿದ್ರೆ ಶುಂಠಿ ಕಷಾಯ ಕುಡೀಲಿ," ಅಂದಳು ಮಡಿವಾಳರ ಮಾಕವ್ವ. "ನನ್ನ ಬಟ್ಟೆ ಒಣಗ್ತವಾ?"

"ಮಡಕೆ ಸುಡೋ ನನ್ನ ಆವಿಗೆ ಹೊತ್ತಿಕೊಳ್ಳುತ್ತಾ?" ಅಂದ ಕುಂಬಾರ ದುಗ್ಗಪ್ಪ.

"ನನ್ನ ಹಣ್ಣು ಉದುರ್ತವಾ?" ಅಂತು ಹುಣಸೆ ಮರ.

ಕೆಂಚವ್ವನ ಮುಖ ಸಪ್ಪಗಾಯಿತು. "ಇಷ್ಟು ದೊಡ್ಡ ಗಂಟಲಿದ್ದೂ ಹಿಂಗಾಯ್ತಲ್ಲೇ!"

"ದೊರೆಗೆ ಬೇಕಾದ್ದನ್ನ ಮಾಕವ್ವನಿಗೆ ಹೇಳಿದೆ," ಅಂತು ತಮಟೆ. "ಮಾಕವ್ವನಿಗೆ ಬೇಕಾದ್ದನ್ನ ಹೇಳು."

ಹೌದಲ್ಲ! ಕಿರೀಟ ತಿರುಗಿಸಿದ ಸೀನು ಸೀರೆ ಒಣಗಿಸಲ್ವೇ? ಕೆಂಚವ್ವ ಮತ್ತೆ ಹೊರಟಳು. ಮಾಕವ್ವನ ಮುಂದೆ ಬಟ್ಟೆಯ ಮಾತು, ದುಗ್ಗಪ್ಪನ ಮುಂದೆ ಬೆಂಕಿಯ ಮಾತು, ಮರದ ಮುಂದೆ ಹಣ್ಣಿನ ಮಾತು.

ಊರಿಗೆ ಊರೇ ಎದ್ದಿತು. ಮಾಕವ್ವ ಅರಮನೆಯ ಕಂಬಗಳಿಗೆ ಹಗ್ಗ ಕಟ್ಟಿ ಒದ್ದೆ ಸೀರೆ ಹರವಿದಳು. ದುಗ್ಗಪ್ಪ ಆವಿಗೆಯನ್ನೇ ಗಾಡಿ ಮೇಲೆ ತಂದ. ಹುಣಸೆ ಮರ ಸೆರಗು ಎತ್ತಿದಂತೆ ಬೇರು ಎತ್ತಿಕೊಂಡು ದಡಬಡ ನಡೆದು ಬಂತು.

"ಎಲ್ಲಿ ಸೀನು? ಎಲ್ಲಿ ಸೀನು?"

ದೊರೆ ಮೂಗು ಅರಳಿಸಿದ. ಬರಲಿಲ್ಲ. ಮೂಗು ಹಿಂಡಿದ. ಬರಲಿಲ್ಲ. "ಕೆಂಚವ್ವಾ, ಮರ್ಯಾದೆ ಹೋಗುತ್ತೆ ಕಣೇ! ಈ ಮೂಗಿಗೆ ಸೀನು ಅಂತ ಗಟ್ಟಿಯಾಗಿ ಸಾರು!"

"ಸಾರಿದ್ರೆ ಕೇಳಲ್ಲ ಬುದ್ಧೀ," ಅಂದಳು ಕೆಂಚವ್ವ. ಬಗ್ಗಿ, ಮೆಲ್ಲಗೆ ಮೂಗನ್ನೇ ಕೇಳಿದಳು. "ನಿನಗೇನು ಬೇಕಪ್ಪಾ?"

"ಒಗ್ಗರಣೆ," ಅಂತು ಮೂಗು. "ಬ್ಯಾಡಗಿ ಮೆಣಸಿನಕಾಯಿದು."

ಹೆಂಗಸರೆಲ್ಲ ಬಾಣಲೆ ಇಟ್ಟರು. ಚುಂಯ್! ಘಾಟೆದ್ದಿತು.

"ಆ... ಆ... ಆಕ್ಷೀ!"

ಸೀರೆಗಳು ಗರಿಗರಿ ಒಣಗಿದವು. ಆವಿಗೆ ಧಗ್ ಅಂತ ಹೊತ್ತಿತು. ಹುಣಸೆಹಣ್ಣು ದಬದಬ ಉದುರಿತು. ಜೊತೆಗೆ ಅರಮನೆಯ ಚಾವಣಿಯೂ ಹಾರಿಹೋಯಿತು. ಜನ ಅಂಗೈ ಕೆಂಪಾಗುವ ತನಕ ಚಪ್ಪಾಳೆ ತಟ್ಟಿದರು. ದೊರೆ ಆನಂದದಿಂದ ಅತ್ತೇಬಿಟ್ಟ.

"ಕೆಂಚವ್ವಾ, ಚಾವಣಿ ಹಾರಿದ್ದನ್ನೂ ಸಾರು!"

"ಯಾರಿಗೆ ಸಾರಲಿ ಬುದ್ಧೀ?"

ದೊರೆ ಮೇಲೆ ನೋಡಿದ. "ಕಾಗೆಗಳಿಗೆ," ಅಂದ.

ಕೆಂಚವ್ವ ಕತ್ತೆತ್ತಿ, ಎದೆಯುಬ್ಬಿಸಿ, ರಾಣಿಯ ಹಾಗೆ ನಿಂತು ಸಾರಿದಳು: "ಕಾ! ಕಾ!"

ಆಕಾಶ ಕಪ್ಪಾಯಿತು. ಒಂದು ಕಾಗೆಯೂ ಮನೆಯಲ್ಲಿ ಉಳಿಯಲಿಲ್ಲ.

ಇದರ ನೀತಿ ಏನಪ್ಪಾ ಅಂದರೆ, ಸೀನುವ ಮುಂಚೆ ಚಾವಣಿ ಕಟ್ಟಿಹಾಕಿ. ಕತೆ ನನ್ನ ಬಾಯಿ ಬಿಟ್ಟಿತು, ನಿಮ್ಮ ಕಿವಿ ಹೊಕ್ಕಿತು. ಇನ್ನು ಅದರ ಊಟ ತಿಂಡಿ ನಿಮ್ಮದು.