ಎರಡನೆಯ ಸಲ ಕೇಳದ ಊರು

"ಬುದ್ಧಿ, ಹೊರದೇಶಕ್ಕೆ ಓದಲು ಹೊರಟ ಮಕ್ಕಳಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದ್ದೇನೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ನಾನು ಏನನ್ನು ಬಿಟ್ಟಿದ್ದೇನೆ?"

ಕೇಳಿದವನು ಚನ್ನವೀರಯ್ಯ, ಗುರುಗಳ ಹಳೆಯ ಶಿಷ್ಯ. ಮಠದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ. ಪರದೇಶಕ್ಕೆ ಹೋಗುವ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಹೊಣೆ ಆ ವರ್ಷ ಅವನ ಹೆಗಲಿಗೆ ಬಿದ್ದಿತ್ತು. ಪಾಸ್‌ಪೋರ್ಟ್ ಎಲ್ಲಿಡಬೇಕು, ಯಾವ ಲಸಿಕೆ ಹಾಕಿಸಬೇಕು, ಎಂಥ ಬೀದಿಗೆ ಕಾಲಿಡಬಾರದು, ಎಲ್ಲವನ್ನೂ ಹೇಳಿಯಾಗಿತ್ತು. ಮಕ್ಕಳು ಸೋಮವಾರ ಹೊರಡುವವರಿದ್ದರು.

"ಕೂತುಕೋ," ಎಂದರು ಗುರುಗಳು. "ನಿನ್ನಂಥವನೇ ಒಬ್ಬನಿದ್ದ."

ಅವರು ಹೇಳಿದ ಕತೆ ಇದು.

ಹಡಗಿನಲ್ಲಿ ದೇಶಾಂತರ ಹೋಗುತ್ತಿದ್ದ ಕಾಲ. ಒಂದು ವಿದ್ಯಾಪೀಠದಲ್ಲಿ ಒಬ್ಬ ಉಪಾಧ್ಯಾಯನಿದ್ದ. ಹೊರನಾಡಿಗೆ ಹೋಗುವವರನ್ನು ತಯಾರು ಮಾಡುವುದೇ ಅವನ ಕೆಲಸ. ಮಹಾ ಎಚ್ಚರದ ಮನುಷ್ಯ. ಪಾಠ ಹೇಳುತ್ತಾ ಹೇಳುತ್ತಾ ತಾನೇ ವಿದ್ಯಾರ್ಥಿಗಳ ಜೇಬಿಗೆ ಕೈ ಹಾಕುತ್ತಿದ್ದ. ಕೈ ಹಿಡಿದವನು ತೇರ್ಗಡೆ. ಹಿಡಿಯದವನು ಮುಂದಿನ ಹಡಗಿನವರೆಗೆ ಕಾಯಬೇಕು. ನಗಬೇಡ, ಪಾಠ ಒಳ್ಳೆಯದೇ.

ಅವನ ಕೈಯಲ್ಲಿ ಪಳಗಿದ ಒಬ್ಬ ಹುಡುಗನಿದ್ದ. ಬಳೆ ಮಾರುವವಳೊಬ್ಬಳ ಮಗ. ಹೋಗಲಿದ್ದ ದೇಶದ ಭಾಷೆಯನ್ನು ತಪ್ಪಿಲ್ಲದೆ ಕಲಿತಿದ್ದ. ಉಪಾಧ್ಯಾಯನ ಕೈ ಜೇಬಿನ ಹತ್ತಿರ ಸುಳಿಯುವ ಮೊದಲೇ ಹಿಡಿಯುತ್ತಿದ್ದ. ನಡವಳಿಕೆಯಲ್ಲೂ ಅವನನ್ನು ಮೆಚ್ಚದವರಿಲ್ಲ. ಊಟಕ್ಕೆ ಕೂತಾಗ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುವನು. ಬಡಿಸುವವರು ಮತ್ತೆ ಮತ್ತೆ ಒತ್ತಾಯ ಮಾಡಿದ ಮೇಲೆಯೇ ಕೈ ತೆಗೆಯುವನು. ಇದನ್ನು ಅವನಿಗೆ ಯಾರೂ ಪಾಠ ಮಾಡಿರಲಿಲ್ಲ. ನನಗೆ, ನಿನಗೆ ಯಾರು ಪಾಠ ಮಾಡಿದರು? ತಾಯಿಯ ಸೊಂಟದ ಮೇಲಿದ್ದಾಗಲೇ ಕಲಿತುಬಿಡುತ್ತೇವೆ.

ಹುಡುಗ ಹಡಗು ಹತ್ತಿ ಹೋದ. ದಾರಿಯಲ್ಲಿ ಮೋಸಗಾರರು ಸಿಕ್ಕರು, ಯಾರ ಬಲೆಗೂ ಬೀಳಲಿಲ್ಲ. ಆ ಊರಿನಲ್ಲಿ ರೊಟ್ಟಿ ಸುಟ್ಟು ಮಾರುವ ಒಬ್ಬ ಮುದುಕಿಯ ಮನೆಯಲ್ಲಿ ಕೋಣೆ ಹಿಡಿದ. ಓದು ಚೆನ್ನಾಗಿ ಸಾಗಿತ್ತು.

ಚಳಿಗಾಲದ ಒಂದು ಸಂಜೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಮುದುಕಿ ಬಾಗಿಲಲ್ಲಿ ನಿಂತು ನೋಡಿದಳು.

"ಮುಖ ಬಾಡಿಹೋಗಿದೆ. ವೈದ್ಯರನ್ನು ಕರೆಸಲೇ?"

ವೈದ್ಯನ ಮನೆ ಅದೇ ಬೀದಿಯಲ್ಲಿತ್ತು. ಹುಡುಗ ಕಷ್ಟಪಟ್ಟು ಎದ್ದು ಕೂತು, "ಅಯ್ಯೋ ಬೇಡಮ್ಮ, ನಿಮಗೇಕೆ ತೊಂದರೆ," ಎಂದ.

"ಆಗಲಿ," ಎಂದು ಮುದುಕಿ ಹೊರಟುಹೋದಳು.

ಹುಡುಗ ಬಾಗಿಲನ್ನೇ ನೋಡುತ್ತಾ ಮಲಗಿದ. ಈಗ ತಿರುಗಿ ಬರುತ್ತಾಳೆ ಎಂದುಕೊಂಡ. ಬಂದು, ಸುಮ್ಮನಿರು, ನಿನಗೇನು ಗೊತ್ತಾಗುತ್ತದೆ ಎಂದು ಗದರುತ್ತಾಳೆ, ಆಗ ಒಪ್ಪಿಕೊಂಡರಾಯಿತು. ಮುದುಕಿ ಬರಲಿಲ್ಲ. ಅವಳದೇನೂ ಕಲ್ಲು ಮನಸ್ಸಲ್ಲ. ಆ ಊರಿನಲ್ಲಿ ವಯಸ್ಸಿಗೆ ಬಂದವರು ಬೇಡ ಎಂದರೆ ಬೇಡವೇ. ಮತ್ತೆ ಕೇಳುವುದೆಂದರೆ, ನಿನ್ನ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ. ಅವಳು ಅವನಿಗೆ ಮರ್ಯಾದೆ ಕೊಟ್ಟಳು. ಅವನು ಅವಳಿಗೆ ಮರ್ಯಾದೆ ಕೊಟ್ಟಿದ್ದ.

ಮರುದಿನ ಅವಳಿಗೆ ಮಗಳ ಊರಿಗೆ ಹೋಗುವುದಿತ್ತು. ಮೆಟ್ಟಿಲ ಬಳಿಯಿಂದಲೇ, "ನಾನು ಬರುವುದು ಕೆಲವು ದಿನವಾಗುತ್ತದೆ. ಹುಷಾರಾಗಿದ್ದೀಯಲ್ಲ?" ಎಂದು ಕೂಗಿದಳು. ಹುಡುಗನಿಗೆ ಆಗ ಏಳುವ ಶಕ್ತಿಯೂ ಇರಲಿಲ್ಲ. ಒಂದು ಮಾತು ಸಾಕಿತ್ತು. ಅವನು ಹಲ್ಲು ಕಚ್ಚಿ ನೋವು ತಡೆದುಕೊಂಡು, "ಹುಷಾರಾಗಿದ್ದೇನಮ್ಮ, ಹೋಗಿ ಬನ್ನಿ," ಎಂದ. ಮುದುಕಿ ಹಿಂದಿರುಗುವಷ್ಟರಲ್ಲಿ ಅವನು ತೀರಿಕೊಂಡಿದ್ದ.

ಸುದ್ದಿ ಬಂತು. ಬಳೆ ಮಾರುವವಳು ಉಪಾಧ್ಯಾಯನ ಮನೆಯ ಮುಂದೆ ಬಂದು ನಿಂತಳು. ಅತ್ತೂ ಅತ್ತೂ ಅವಳ ದನಿ ಹೋಗಿತ್ತು.

"ನೀವು ಕಲ್ಸಿ ಕಳ್ಸಿದ್ರಿ ಸ್ವಾಮಿ. ನನ್ ಮಗನಿಗೆ ಏನಾಯ್ತು ಅಂತ ನೀವೇ ನೋಡ್ಕೊಂಡ್ ಬನ್ನಿ."

ಉಪಾಧ್ಯಾಯ ಹಡಗು ಹತ್ತಿದ. ಯಾರೋ ಕೊಂದಿರಬೇಕು, ಇಲ್ಲವೇ ವಿಷ ಹಾಕಿರಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಹೋದವನೇ ಹುಡುಗನ ಕೋಣೆ ಜಾಲಾಡಿದ. ಒಳಂಗಿಗೆ ಹೊಲಿದಿಟ್ಟ ದುಡ್ಡು ಹೊಲಿಗೆ ಬಿಚ್ಚದೆ ಹಾಗೇ ಇತ್ತು. ಕಾಗದಪತ್ರಗಳು ಹೇಳಿಕೊಟ್ಟ ಜಾಗದಲ್ಲೇ ಇದ್ದವು. ಪೆಟ್ಟಿಗೆಯ ಬೀಗ ಭದ್ರವಾಗಿತ್ತು. ಹುಡುಗನೊಬ್ಬನನ್ನು ಬಿಟ್ಟು ಏನೂ ಕಳೆದುಹೋಗಿರಲಿಲ್ಲ.

ಅವನು ಮುದುಕಿಯನ್ನು ಸಿಟ್ಟಿನಿಂದಲೇ ಕೇಳಿದ. "ಪಕ್ಕದಲ್ಲೇ ವೈದ್ಯರಿದ್ದರು. ಏಕೆ ಕರೆಸಲಿಲ್ಲ?"

"ಕರೆಸಲೇ ಎಂದು ಕೇಳಿದೆ. ಬೇಡ ಎಂದ."

"ಎಷ್ಟು ಸಲ ಕೇಳಿದಿರಿ?"

ಮುದುಕಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೇಳಿದೆನಲ್ಲ," ಎಂದಳು. ಅವಳ ಕಣ್ಣು ತುಂಬಿ ಬಂತು. ಹುಡುಗನನ್ನು ಕಂಡರೆ ಅವಳಿಗೂ ಪ್ರೀತಿಯಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ರೊಟ್ಟಿ ತಂದಳು. "ದೂರದಿಂದ ಬಂದಿದ್ದೀರಿ. ಊಟ ಮಾಡುತ್ತೀರಾ?"

ಉಪಾಧ್ಯಾಯ ಬೆಳಗಿನಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. "ಬೇಡ ತಾಯಿ, ಆಗಿದೆ," ಎಂದ.

ಅವಳು ತಲೆಯಾಡಿಸಿ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಆಗ ಅವನಿಗೆ ತಿಳಿಯಿತು. ಹುಡುಗ ಹೇಗೆ ಸತ್ತನೆಂಬುದು ಕಣ್ಣಿಗೆ ಕಟ್ಟಿದಂತೆ ತಿಳಿಯಿತು. ತಿಳಿದ ಮೇಲೂ ಅವಳನ್ನು ಕೂಗಿ, ಹಸಿವಾಗಿದೆ, ಆ ರೊಟ್ಟಿ ಕೊಡಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಕೊನೆಗೆ ಹುಡುಗನ ಪೆಟ್ಟಿಗೆ ಹೊತ್ತುಕೊಂಡು, ಹಸಿದ ಹೊಟ್ಟೆಯಲ್ಲೇ ಬಂದರಿನ ಕಡೆ ನಡೆದ. ಆ ತಾಯಿಗೆ ಹೋಗಿ ಏನು ಹೇಳುವುದೆಂದು ಅವನಿಗೆ ತೋಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರಯ್ಯನ ಮುಖ ಮೊದಲು ಇಳಿಯಿತು, ಆಮೇಲೆ ಹಗುರವಾಯಿತು.

"ತಿಳೀತು ಬುದ್ಧಿ. ಅಲ್ಲಿ ಬೇಕಾದ್ದನ್ನು ಬಾಯಿಬಿಟ್ಟು ಕೇಳಿ ಅಂತ ನಾಳೇನೇ ಮಕ್ಕಳಿಗೆ ಹೇಳಿಬಿಡ್ತೀನಿ. ಅದಕ್ಕೇನು, ಒಂದು ತರಗತಿ ಸಾಕು."

ಗುರುಗಳು ಅವನನ್ನೇ ನೋಡಿದರು.

"ನಿನಗೆ ಬೇಕಾದ್ದನ್ನು ನೀನು ಬಾಯಿಬಿಟ್ಟು ಕೇಳಿ ಎಷ್ಟು ವರ್ಷವಾಯಿತು, ಚನ್ನವೀರಯ್ಯ?"